ಬಸುರಿಯ ಸೋಂಕು, ಕೂಸಿನ ಮಿದುಳು

ಸೀಳುತುಟಿಯ ಕೂಸು ಹುಟ್ಟಿದರೆ, ಗ್ರಹಣದ ಹೊತ್ತಲ್ಲಿ ತಾಯಿ ಏನು ಹೆಚ್ಚಿದಳು ಎಂದು ಕೇಳುವುದು ನಮ್ಮಲ್ಲಿ ಹಳೆಯ ರೂಢಿ. ಬಸಿರಿನಲ್ಲಿ ತಾಯಿಗೆ ತಗುಲಿದ ಸೋಂಕು ಮಗುವಿನ ಮಿದುಳಿನ ಬೆಳವಣಿಗೆಯನ್ನೂ ತಟ್ಟಬಲ್ಲದು ಎಂಬ ವಿಜ್ಞಾನವನ್ನು ಅದೇ ಜಾಡಿನಲ್ಲಿ ಓದಿಕೊಳ್ಳುವ ಅಪಾಯವಿದೆ. ಈ ತಿಳಿವಳಿಕೆ ಬೆಳೆದು ಬಂದ ಬಗೆ ನೋಡಿದರೆ ಅದು ಬೆರಳು ತೋರಿಸುವುದು ತಾಯಿಯತ್ತ ಅಲ್ಲ, ಬಸುರಿಯ ತಪಾಸಣೆಗಳನ್ನು ಬರೆದಿಡುವ ತಾಯಿ ಕಾರ್ಡಿನತ್ತ.

1957ರ ಏಷ್ಯನ್ ಫ್ಲೂ ಹೆಲ್ಸಿಂಕಿಗೆ ಬಂದಾಗ ನಾಲ್ಕರಿಂದ ಆರು ತಿಂಗಳು ತುಂಬಿದ್ದ ಬಸುರಿಯರ ಮಕ್ಕಳಲ್ಲಿ ಮುಂದೆ ಸ್ಕಿಜೋಫ್ರೇನಿಯಾ ಹೆಚ್ಚು ಕಂಡಿತೆಂದು ಸಾರ್ನಾಫ್ ಮೆಡ್ನಿಕ್ ತಂಡ 1988ರಲ್ಲಿ ಬರೆಯಿತು. ಅವರಲ್ಲಿ ಯಾರಿಗೆ ನಿಜಕ್ಕೂ ಫ್ಲೂ ಬಂದಿತ್ತೋ ದಾಖಲೆಯಿರಲಿಲ್ಲ. ಊರಿಗೆ ಬಂದದ್ದು ಮನೆಗೂ ಬಂದಿರಬೇಕೆಂಬ ಊಹೆ ಅಷ್ಟೆ. ಈ ಕೊರತೆ ನೀಗಲು ಅಲನ್ ಬ್ರೌನ್ ತಂಡ ಕ್ಯಾಲಿಫೋರ್ನಿಯಾದ ಬಸುರಿಯರಿಂದ ದಶಕಗಳ ಹಿಂದೆ ತೆಗೆದು ಕಾಪಿಟ್ಟಿದ್ದ ರಕ್ತದಲ್ಲಿ ಫ್ಲೂ ಪ್ರತಿಕಾಯ ಹುಡುಕಿ, 2004ರಲ್ಲಿ ಅದೇ ನಂಟಿನ ಸುಳಿವು ಕೊಟ್ಟಿತು. ಆದರೂ ಒಂದು ತೊಡಕು ಉಳಿಯಿತು. ರುಬೆಲ್ಲಾದ ಹಾಗಲ್ಲದೆ, ಫ್ಲೂ ವೈರಾಣು ಸಾಮಾನ್ಯವಾಗಿ ಮಾಸು ದಾಟಿ ಕೂಸನ್ನು ಮುಟ್ಟುವುದಿಲ್ಲ. ಹಾಗಾದರೆ ಪೆಟ್ಟು ಎಲ್ಲಿಂದ? ಕ್ಯಾಲ್ಟೆಕ್‌ನ ಪಾಲ್ ಪ್ಯಾಟರ್ಸನ್ ಪ್ರಯೋಗಾಲಯದಲ್ಲಿ, ವೈರಾಣುವಿನ ಸೋಗು ಹಾಕಬಲ್ಲ ಕೃತಕ ವಸ್ತುವನ್ನಷ್ಟೇ ಬಸಿರು ಇಲಿಗೆ ಚುಚ್ಚಿದರೂ ಮರಿಗಳ ನಡವಳಿಕೆ ಬದಲಾಯಿತು. ಐಎಲ್-6 ಎಂಬ ಉರಿಯೂತದ ಸಂಕೇತವನ್ನು ತಡೆದಾಗ ಮರಿಗಳು ಬಹುಮಟ್ಟಿಗೆ ಪಾರಾದವು. ಇದು 2007ರ ಮಾತು. ರೋಗಾಣುವಿಗಿಂತ ಅದರ ಮೇಲೆ ತಾಯಿಯ ದೇಹ ಹೂಡುವ ಕಾಳಗವೇ ಮುಖ್ಯ ಎಂಬ ವಾದಕ್ಕೆ ಅಲ್ಲಿಂದ ಕಾಲು ಬಂದವು. 2016ರಲ್ಲಿ ಗ್ಲೋರಿಯಾ ಚೋಯ್, ಜುನ್ ಹು ತಂಡ ಐಎಲ್-17ಎ ಎಂಬ ಇನ್ನೊಂದು ಸಂಕೇತವನ್ನು ಹಿಡಿಯಿತು.

ಇಲಿಯ ಕಥೆ ಮನುಷ್ಯರಿಗೆ ಹೊಂದೀತೇ ಎಂಬ ಆಕ್ಷೇಪ ಹಗುರವಾದುದಲ್ಲ. ಸ್ವೀಡನ್ನಿನಲ್ಲಿ ಸುಮಾರು 5.5 ಲಕ್ಷ ಮಕ್ಕಳ ದಾಖಲೆ ನೋಡಿದ 2022ರ ಅಧ್ಯಯನದಲ್ಲಿ, ಒಡಹುಟ್ಟಿದವರನ್ನು ಹೋಲಿಸಿದಾಗ ಸೋಂಕಿಗೂ ಆಟಿಸಂಗೂ ಇದ್ದ ನಂಟು ಸಡಿಲಗೊಂಡಿತು. ಬಸಿರಿಗೆ ಹಿಂದಿನ ವರ್ಷದ ಸೋಂಕೂ ಅಂಥದೇ ನಂಟು ತೋರಿತು. ಅಂದರೆ ಮನೆತನದ ಗುಣಗಳ ಪಾಲು ದೊಡ್ಡದು. ಒಮ್ಮೆ ಜ್ವರ ಬಂತೆಂದು ಬಸುರಿ ಹೆದರಬೇಕಿಲ್ಲ, ಸೋಂಕು ತಗುಲಿದ ಬಹುತೇಕ ತಾಯಂದಿರ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಆದರೆ ಸ್ವೀಡನ್ನಿನ ಅಧ್ಯಯನದಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ವೈದ್ಯರ ಬಳಿಗೆ ಹೋದ ಸೋಂಕುಗಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ, ರಾಣೇಬೆನ್ನೂರು ಸುತ್ತಿನ ಬೀಜದ ಪ್ಲಾಟುಗಳಲ್ಲಿ ಹೂವಿಗೆ ಹೂವು ಕ್ರಾಸಿಂಗ್ ಮಾಡುವ ಕೂಲಿ ಹೆಣ್ಣುಮಕ್ಕಳಿಗೆ ಆಸ್ಪತ್ರೆಯೆಂದರೆ ಒಂದು ದಿನದ ಪಗಾರ ಹೋದಂತೆ. ಶೌಚಾಲಯ ದೂರವಿದ್ದಲ್ಲಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಬಸಿರಿನಲ್ಲಿ ಮೂತ್ರದ ಸೋಂಕು ಉರಿ, ನೋವು ಏನೂ ಇಲ್ಲದೆ ಇರಬಹುದು. ಬಿಟ್ಟರೆ ಕಿಡ್ನಿಗೆ ಏರಬಹುದು, ಅವಧಿಗೆ ಮುನ್ನವೇ ಹೆರಿಗೆಯಾಗಬಹುದು. ದಿನ ತುಂಬದ ಕೂಸಿನ ಮಿದುಳಿಗೆ ಅಪಾಯವಿದೆ ಎನ್ನಲು ಯಾವ ಇಲಿಯ ಸಾಕ್ಷಿಯೂ ಬೇಡ. ಹಾಗಾಗಿ ಪ್ಯಾಟರ್ಸನ್ ವಾದ ನಾಳೆ ಅರ್ಧ ಬಿದ್ದುಹೋದರೂ ತಾಯಿ ಕಾರ್ಡಿನ ಮೂತ್ರ ಪರೀಕ್ಷೆಯ ತೂಕ ಇಳಿಯುವುದಿಲ್ಲ. ಅದು ಕೂಲಿ ತಪ್ಪದ ಹೊತ್ತಿನಲ್ಲಿ ಸಿಗಬೇಕು, ಜನವರಿಯಿಂದ ಮಾರ್ಚ್‌ವರೆಗಿನ ಮೆಣಸಿನಕಾಯಿ ಸುಗ್ಗಿಯಲ್ಲಂತೂ ಮಾರುಕಟ್ಟೆಯ ಹತ್ತಿರವೇ.