ವಿಮಾನದ ಇಂಧನ: ಅಳತೆ ಮತ್ತು ಎಚ್ಚರ

ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಾದ ಮೇಲೆ ಹೊಸಪೇಟೆ, ಕಂಪ್ಲಿಗಳ ಜನರಿಗೆ ವಿಮಾನವು ದೂರದ ಕೌತುಕವಾಗಿ ಉಳಿದಿಲ್ಲ. ಹಂಪಿಯನ್ನು ನೋಡಬರುವ ಪ್ರವಾಸಿಗರಿಗೂ ಅದೇ ಹತ್ತಿರದ ನಿಲ್ದಾಣ. ಆದರೂ ವಿಮಾನಾಪಘಾತವೆಂದೊಡನೆ ಬಿರುಗಾಳಿ, ಸಿಡಿಲು, ಯಂತ್ರದೋಷಗಳೇ ನಮ್ಮ ನೆನಪಿಗೆ ಬರುತ್ತವೆ. ಆಕಾಶವು ನಿರ್ಮಲವಾಗಿದ್ದು ಎಂಜಿನ್ನು ಸುಸ್ಥಿತಿಯಲ್ಲಿದ್ದಾಗಲೂ, ಇಂಧನದ ನಿರ್ವಹಣೆಯಲ್ಲಾದ ಲೋಪವೊಂದೇ ಪ್ರಾಣಾಂತಿಕವಾಗಬಲ್ಲುದೆಂಬುದು ಅಷ್ಟಾಗಿ ತಿಳಿದ ವಿಷಯವಲ್ಲ.

ಈ ಲೋಪವು ಎರಡು ಬಗೆಯದು. ಇಂಧನವೆಲ್ಲವೂ ಮುಗಿದುಹೋಗುವುದು ಒಂದು. ಇಂಧನವಿದ್ದೂ ಎಂಜಿನ್ನಿಗೆ ತಲುಪದಿರುವುದು ಇನ್ನೊಂದು. ತುಂಗಭದ್ರೆಯ ನಾಲೆಯನ್ನು ನಂಬಿ ಭತ್ತ ಬೆಳೆಯುವ ರೈತನಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ. ಜಲಾಶಯ ಬರಿದಾದರೂ ಪೈರು ಒಣಗುತ್ತದೆ. ಜಲಾಶಯ ತುಂಬಿದ್ದು ತೂಬು ಮುಚ್ಚಿದ್ದರೂ ಒಣಗುತ್ತದೆ.

ಮೊದಲನೆಯ ಬಗೆಗೆ ನೆರೆಯ ಆಂಧ್ರದಲ್ಲಿಯೇ ನಿದರ್ಶನವಿದೆ. 1993ರ ನವೆಂಬರ್ 15ರಂದು ಮದರಾಸಿನಿಂದ ಹೈದರಾಬಾದಿಗೆ ಹೋದ ಇಂಡಿಯನ್ ಏರ್‌ಲೈನ್ಸ್ ವಿಮಾನವು ಅಲ್ಲಿ ಇಳಿಯಲಾಗದೆ ಹಿಂದಿರುಗಿತು. ರೆಕ್ಕೆಗಳ ಫ್ಲ್ಯಾಪುಗಳು ಒಳಸರಿಯದೆ ಸಿಕ್ಕಿಕೊಂಡಿದ್ದುದರಿಂದ ಗಾಳಿಯ ಪ್ರತಿರೋಧ ಹೆಚ್ಚಿ, ಇಂಧನವು ಬಹುಬೇಗ ವ್ಯಯವಾಯಿತು. ಮದರಾಸನ್ನು ಮುಟ್ಟಲಾರದೆ ವಿಮಾನವು ತಿರುಪತಿಯ ಸಮೀಪದ ಗದ್ದೆಯಲ್ಲಿ ಇಳಿಯಬೇಕಾಯಿತು. ಅದರಲ್ಲಿದ್ದ 262 ಜನರೂ ಬದುಕಿ ಉಳಿದದ್ದು ಭಾಗ್ಯವಿಶೇಷ.

ಲಘುವಿಮಾನದ ದುರಂತಕ್ಕೆ ಅಮೆರಿಕದ ಪ್ರಖ್ಯಾತ ಗಾಯಕ ಜಾನ್ ಡೆನ್ವರ್ ಅವರ ಮರಣವು ನಿದರ್ಶನ. 1997ರ ಅಕ್ಟೋಬರ್ 12ರಂದು ಅವರು ತಾವು ಹೊಸದಾಗಿ ಕೊಂಡಿದ್ದ ಲಾಂಗ್-ಈಝಡ್ ಎಂಬ ಪುಟ್ಟ ವಿಮಾನದಲ್ಲಿ ಒಬ್ಬರೇ ಹಾರಿ, ಕ್ಯಾಲಿಫೋರ್ನಿಯದ ಕಡಲಿಗೆ ಬಿದ್ದರು. ಅವರು ಅನುಭವಿ ಚಾಲಕರೇ. ಆದರೆ ಆ ವಿಮಾನದ ಪರಿಚಯ ಅಲ್ಪವಾಗಿತ್ತು. ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ಇಂಧನದ ದಾರಿಯನ್ನು ಬದಲಿಸುವ ಹಿಡಿಯನ್ನು ನಿರ್ಮಾಪಕನು ಮೂಲ ವಿನ್ಯಾಸವನ್ನು ಬಿಟ್ಟು, ಚಾಲಕನ ಎಡಭುಜದ ಹಿಂದೆ ಇರಿಸಿದ್ದನು. ಅದಕ್ಕೆ ಗುರುತುಗಳಿರಲಿಲ್ಲ, ಇಂಧನದ ಮಟ್ಟ ತೋರುವ ಮಾಪಕಕ್ಕೂ ಇರಲಿಲ್ಲ. ಹೊರಡುವ ಮುನ್ನ ಇಂಧನ ತುಂಬಿಸಲೆ ಎಂದು ಕೇಳಿದಾಗ ಅವರು ಬೇಡವೆಂದರು. ಹಾರಾಟದಲ್ಲಿ ಆ ಹಿಡಿಯನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಬಲಗಾಲು ಅರಿಯದೆಯೇ ಪೆಡಲನ್ನು ಒತ್ತಿ ವಿಮಾನವು ಹತೋಟಿ ತಪ್ಪಿತೆಂದು ತನಿಖಾ ಮಂಡಳಿಯು ನಿರ್ಣಯಿಸಿತು. ಒಬ್ಬರದಲ್ಲ, ಹಲವರ ಸಣ್ಣ ಸಣ್ಣ ಉಪೇಕ್ಷೆಗಳು ಅಲ್ಲಿ ಕೂಡಿಬಂದಿದ್ದವು.

ಇದಕ್ಕೆ ಪರಿಹಾರ ದುಬಾರಿಯಾದುದಲ್ಲ. ಲಘುವಿಮಾನದ ಚಾಲಕನು ಮಾಪಕದ ಮುಳ್ಳನ್ನಷ್ಟೇ ನಂಬದೆ, ಹೊರಡುವ ಮುನ್ನ ಟ್ಯಾಂಕಿನೊಳಗೆ ಅಳತೆಯ ಕಡ್ಡಿಯನ್ನು ಇಳಿಸಿ ಕಣ್ಣಾರೆ ನೋಡಬೇಕು. ಬಳಸಬಹುದಾದ ಇಂಧನ 100 ಲೀಟರು, ಗಂಟೆಗೆ ವ್ಯಯ 30 ಲೀಟರು ಎಂದಿಟ್ಟುಕೊಂಡರೆ, ಹಾರಾಟದ ಗರಿಷ್ಠ ಕಾಲ 3 ಗಂಟೆ 20 ನಿಮಿಷ. ಅದರಲ್ಲಿ 45 ನಿಮಿಷದ ಇಂಧನವನ್ನು ಆಪತ್ಕಾಲಕ್ಕೆ ಮೀಸಲಿಟ್ಟರೆ ಉಳಿಯುವುದು 2 ಗಂಟೆ 35 ನಿಮಿಷ ಮಾತ್ರ. ಎದುರುಗಾಳಿ ಬೀಸಿದರೆ ಅಷ್ಟೇ ಕಾಲದಲ್ಲಿ ಕ್ರಮಿಸುವ ದೂರವೂ ಕಡಮೆಯಾಗುತ್ತದೆ.

ಈ ಲೆಕ್ಕವು ಪ್ರೌಢಶಾಲೆಯ ಬಾಲಕನ ಅಳವಿಗೆ ಮೀರಿದುದಲ್ಲ. ಆದುದರಿಂದ ಕೊರತೆಯು ಜ್ಞಾನದ್ದಲ್ಲ, ಶ್ರದ್ಧೆಯದು. ಪ್ರಯೋಗಶಾಲೆಯಲ್ಲಿ ಎರಡನೆಯ ಬಾರಿ ಅಳೆದು ನೋಡೆಂದು ಉಪಾಧ್ಯಾಯರು ಒತ್ತಾಯಿಸುವಾಗ ವಿದ್ಯಾರ್ಥಿಗೆ ಬೇಸರವಾಗಬಹುದು. ಆ ಅಭ್ಯಾಸವು ಮುಂದೆ ಅವನ ಪ್ರಾಣವನ್ನೂ, ಅವನನ್ನು ನಂಬಿ ಕುಳಿತವರ ಪ್ರಾಣವನ್ನೂ ಕಾಯಬಲ್ಲುದು.