ಎರಡು ಮನೆಯ ಕೂಸು

11 ಇಂಚು ಅಗಲ, 17 ಇಂಚು ಎತ್ತರದ ದಪ್ಪ ಬಿಳಿ ಹಾಳೆ. ಅಂಚಿನುದ್ದಕ್ಕೂ ತಿಳಿನೀಲಿ ಗೆರೆ, ಅಚ್ಚಿನ ಕ್ಯಾಮೆರಾಕ್ಕೆ ಕಾಣದ ನೀಲಿ. ತಲೆಯ ಮೇಲೆ ಪುಸ್ತಕದ ಹೆಸರು, ಸಂಚಿಕೆ, ಪುಟದ ಸಂಖ್ಯೆ ಬರೆಯಲು ಜಾಗ. ಒಳಗೆ ಕಪ್ಪು ಇಂಕು. ಹತ್ತಿರದಿಂದ ನೋಡಿದರೆ ಆ ಕಪ್ಪು ಒಂದೇ ಸಮ ಇರುವುದಿಲ್ಲ. ಬ್ರಶ್ ಒಣಗಿದ ಕಡೆ ಬೂದು, ತಪ್ಪಿದ ಕಡೆ ಮೇಲೆ ಸವರಿದ ಬಿಳಿ ಬಣ್ಣ, ರಬ್ಬರಿಗೆ ಸಿಗದೆ ಉಳಿದ ಪೆನ್ಸಿಲ್ ಗೆರೆ. ಅಮೆರಿಕದ ಕಾಮಿಕ್ಸ್ ಪುಟದ ಮೂಲಪ್ರತಿ ಇರುವುದು ಹೀಗೆ. ಅದರಲ್ಲಿ ಬಣ್ಣ ಇರುವುದಿಲ್ಲ. 1990ರ ದಶಕದ ನಡುವಿಗೆ ಬಣ್ಣದ ಕೆಲಸ ಕಂಪ್ಯೂಟರಿಗೆ ಹೋಗಿತ್ತು. ಮಾತಿನ ಗುಳ್ಳೆಗಳೂ ಅದರ ಹಿಂದೆಯೇ ಹೊರಟಿದ್ದವು.

ಇಂಥ ಹಾಳೆಗಳಲ್ಲಿ ಒಂದು ಗುಂಪಿನ ಕಥೆ ವಿಚಿತ್ರ. 1996ರಲ್ಲಿ ಮಾರ್ವೆಲ್ ಮತ್ತು ಡಿಸಿ, ದಾಯಾದಿಗಳಂತಿದ್ದ ಈ ಎರಡು ಪ್ರಕಾಶನ ಸಂಸ್ಥೆಗಳು ತಮ್ಮ ನಾಯಕರನ್ನು ಒಂದೇ ಅಖಾಡಕ್ಕೆ ಇಳಿಸಿದವು. ಐದು ಕುಸ್ತಿಗಳಲ್ಲಿ ಗೆದ್ದವರು ಯಾರೆಂದು ಓದುಗರೇ ಮತ ಹಾಕಿ ತೀರ್ಮಾನಿಸಿದರು. ಡಿಸಿಯ ಬ್ಯಾಟ್‌ಮ್ಯಾನ್ ಮಾರ್ವೆಲ್‌ನ ಕ್ಯಾಪ್ಟನ್ ಅಮೆರಿಕಾನನ್ನು ಮಣಿಸಿದ, ಮಾರ್ವೆಲ್‌ನ ವುಲ್ವರೀನ್ ಡಿಸಿಯ ಲೋಬೋನನ್ನು. ಅದು ಜಾತ್ರೆಯ ಗದ್ದಲ, ಇರಲಿ. ನನಗೆ ಸೋಜಿಗವೆನಿಸುವುದು ನಾಲ್ಕು ಕಂತುಗಳ ಆ ಸರಣಿಯ ಮೂರನೆಯ ಮತ್ತು ನಾಲ್ಕನೆಯ ಕಂತಿನ ನಡುವೆ ಬಂದ 12 ಪುಸ್ತಕಗಳು. ‘ಅಮಾಲ್ಗಮ್ ಕಾಮಿಕ್ಸ್’ ಎಂಬ ಇಲ್ಲದ ಪ್ರಕಾಶನದ ಹೆಸರಿನಲ್ಲಿ ಬಂದ ಅವುಗಳಲ್ಲಿ ಎರಡೂ ಮನೆಯ ನಾಯಕರು ಬೆರೆತು ಒಬ್ಬರೇ ಆಗಿದ್ದರು. ಮರುವರ್ಷ ಇನ್ನೂ 12 ಬಂದವು. ಹುಟ್ಟಿದ ದಿನವೇ ಮುದುಕರಾದ ಪುಸ್ತಕಗಳು ಇವು: ಎಂದೂ ಪ್ರಕಟವಾಗದ ಹಳೆಯ ಸಂಚಿಕೆಗಳನ್ನು ನೋಡಿ ಎಂಬ ಅಡಿಟಿಪ್ಪಣಿ, ಎಂದೂ ಇರದ ಓದುಗರು ಬರೆದ ಪತ್ರ, ಎಲ್ಲವೂ ಇತ್ತು.

ಬೆರೆಸುವುದು ಸುಲಭ ಅಂದುಕೊಳ್ಳಬೇಡಿ. ಒಬ್ಬನ ಅಂಗಿ, ಇನ್ನೊಬ್ಬನ ಪಂಚೆ ಉಡಿಸಿದರೆ ವೇಷವಾಗುತ್ತದೆ, ಮನುಷ್ಯ ಆಗುವುದಿಲ್ಲ. ಬ್ಯಾಟ್‌ಮ್ಯಾನ್ ಮತ್ತು ವುಲ್ವರೀನ್ ಬೆರೆತ, ಜಿಮ್ ಬಾಲೆಂಟ್ ಚಿತ್ರಿಸಿದ ‘ಡಾರ್ಕ್ ಕ್ಲಾ’ ಪುಟಗಳಲ್ಲಿ ಹೊಲಿಗೆ ಕಾಣದಿರುವುದಕ್ಕೆ ಕಾರಣ ಮುಖವಾಡ. ಬ್ಯಾಟ್‌ಮ್ಯಾನನ ಕಿವಿಗೂ ವುಲ್ವರೀನನ ಮುಖವಾಡದ ಚೂಪು ರೆಕ್ಕೆಗೂ ಮೊದಲೇ ನಂಟಿತ್ತು. ಆದರೂ ನನ್ನ ಓಟು ಡೇವ್ ಗಿಬ್ಬನ್ಸ್ ಚಿತ್ರಿಸಿದ ‘ಸೂಪರ್ ಸೋಲ್ಜರ್’ಗೆ. ಕ್ಯಾಪ್ಟನ್ ಅಮೆರಿಕಾನ ದುಂಡು ಗುರಾಣಿ ಅಲ್ಲಿ ಸೂಪರ್‌ಮ್ಯಾನನ ಎದೆಯ ಮೇಲಿನ ಲಾಂಛನದ ಆಕಾರ ತಾಳಿದೆ. ಅಷ್ಟೇ ಬದಲಾವಣೆ, ಇಬ್ಬರ ಜಾತಕವೂ ಅದರಲ್ಲಿದೆ.

ಈಗ ಹಕ್ಕಿನ ವಿಚಾರ. ಪಾತ್ರ ಎರಡು ಕಂಪನಿಗಳ ಜಂಟಿ ಖಾತೆಯದು. ಒಬ್ಬರು ಒಪ್ಪಿ ಇನ್ನೊಬ್ಬರು ಮುನಿದರೆ ಮರುಮುದ್ರಣವೂ ಇಲ್ಲ, ಮುಂದಿನ ಕಥೆಯೂ ಇಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಹಾಗೆ. ಬಿಡಿ ಪುಸ್ತಕಗಳ ಕೆಲವು ಸಂಗ್ರಹಗಳು ಆ ಕಾಲದಲ್ಲೇ ಬಂದು ನಿಂತವು. ದಪ್ಪ ಸಂಪುಟವಾಗಿ ಅಂಗಡಿಗೆ ಮರಳಲು 2024ರವರೆಗೆ ಕಾಯಬೇಕಾಯಿತು. (ನಮ್ಮಲ್ಲಾದರೋ ಗೋಥಮ್ ಕಾಮಿಕ್ಸ್ ಎಂಬ ಒಂದೇ ಸಂಸ್ಥೆ ಇಬ್ಬರ ಪುಸ್ತಕಗಳನ್ನೂ ಅಚ್ಚು ಹಾಕಿ ಮಾರುತ್ತಿತ್ತು!)

ಹಾಳೆಯ ಲೆಕ್ಕ ಬೇರೆ. ಅದು ಕಲಾವಿದರ ಸ್ವತ್ತು. ಈ ಹಕ್ಕು ಪುಕ್ಕಟೆ ಸಿಕ್ಕಿದ್ದಲ್ಲ. 1970ರ ದಶಕದವರೆಗೂ ಅಚ್ಚಾದ ಮೇಲೆ ಮೂಲಪುಟಗಳು ಕಂಪನಿಯ ಗೋದಾಮಿನಲ್ಲೇ ಉಳಿಯುತ್ತಿದ್ದವು, ಕಂಡವರ ಪಾಲಾಗುತ್ತಿದ್ದವು. ಮಾರ್ವೆಲ್‌ನ ಅರ್ಧ ಲೋಕವನ್ನೇ ಕಟ್ಟಿದ ಜಾಕ್ ಕರ್ಬಿ ವರ್ಷಗಟ್ಟಲೆ ಹೋರಾಡಿದ ಮೇಲೆ, 1987ರಲ್ಲಿ ಅವರ ಕೈಗೆ ಬಂದದ್ದು ಸುಮಾರು 2,000 ಪುಟ. ಅವರು ಬರೆದದ್ದು ಅದರ ಎಷ್ಟೋ ಪಟ್ಟು. ಅಮಾಲ್ಗಮ್ ಕಾಲಕ್ಕೆ ಪುಟ ಹಿಂದಿರುಗುವುದು ರೂಢಿಯಾಗಿತ್ತು. ಅಲ್ಲೂ ಪಾಲುಗಾರಿಕೆ ತಪ್ಪಿದ್ದಲ್ಲ. ಪೆನ್ಸಿಲ್ ಹಿಡಿದವರಿಗೆ ಹೆಚ್ಚು ಪುಟ, ಇಂಕು ಹಾಕಿದವರಿಗೆ ಕಡಿಮೆ. ‘ಡಾಕ್ಟರ್ ಸ್ಟ್ರೇಂಜ್‌ಫೇಟ್’ ಹಾಳೆಗಳಲ್ಲಿ ಹೋಸೆ ಲೂಯಿಸ್ ಗಾರ್ಸಿಯಾ-ಲೋಪೆಸ್ ಅವರ ಪೆನ್ಸಿಲ್ ಮೇಲೆ ಕೆವಿನ್ ನೌಲನ್ ಇಂಕು ಹರಿದಿದೆ. ಮಿಶ್ರ ನಾಯಕನ ಪುಟವೂ ಇಬ್ಬರ ಕೈಯ ಮಿಶ್ರಣವೇ.

ಬೆಲೆಯ ಮಾತು ಬಂದರೆ, ಮೈಕ್ ಝೆಕ್ ಬರೆದ ಒಂದು ಸ್ಪೈಡರ್‌ಮ್ಯಾನ್ ಪುಟ 2022ರ ಹರಾಜಿನಲ್ಲಿ 33.6 ಲಕ್ಷ ಡಾಲರಿಗೆ ಹೋಯಿತು. ಅಮಾಲ್ಗಮ್ ಹಾಳೆಗಳು ಆ ಎತ್ತರದಲ್ಲಿಲ್ಲ. ಇವನ್ನು ಹುಡುಕುವವರು ಬೇರೆಯೇ ಜನ: ಶಾಲೆಯಲ್ಲಿದ್ದಾಗ ಓದಿ, ಮುಂದಿನ ಸಂಚಿಕೆಗೆ ಕಾದು, ಅದು ಬಾರದೆ ಉಳಿದವರು.

ಅವರಲ್ಲಿ ಕೆಲವರಿಗೆ ಬೇಕಿರುವುದು ‘ಸ್ಪೈಡರ್-ಬಾಯ್’ ಎಂಬ ಮಿಶ್ರ ಹುಡುಗನ ಪುಟ. ಅದನ್ನು ಚಿತ್ರಿಸಿದ ಮೈಕ್ ವೀರಿಂಗೊ 2007ರಲ್ಲಿ, 44ನೇ ವಯಸ್ಸಿಗೆ ತೀರಿಕೊಂಡರು. ಉಳಿದ ಕಲಾವಿದರಾದರೆ ಕಾಮಿಕ್ಸ್ ಸಮಾವೇಶದಲ್ಲಿ ಮೇಜಿನ ಮುಂದೆ ನಿಂತು ಕೇಳಿದವರಿಗೆ ಹೊಸ ಹಾಳೆಯಲ್ಲಿ ಒಂದು ಮಿಶ್ರ ನಾಯಕನನ್ನು ಬರೆದುಕೊಟ್ಟಾರು. ವೀರಿಂಗೊ ಅವರ ದುಂಡು ಕೆನ್ನೆಯ, ಗಾಳಿಯಲ್ಲಿ ಪಲ್ಟಿ ಹೊಡೆಯುವ ಆ ಹುಡುಗ ಮಾತ್ರ ಆಗ ಬರೆದಷ್ಟೇ ಹಾಳೆಗಳಲ್ಲಿ ಇದ್ದಾನೆ.