ಕಚೇರಿಯ ಲಿನಕ್ಸ್ ಗಣಕಯಂತ್ರದಲ್ಲಿ ಅನಗತ್ಯ ಸೇವೆಗಳ ನಿಲುಗಡೆ

ಗಣಕಯಂತ್ರವನ್ನು ಚಾಲನೆಗೊಳಿಸಿದೊಡನೆ, ಸಿಬ್ಬಂದಿ ಯಾವ ತಂತ್ರಾಂಶವನ್ನೂ ತೆರೆಯುವ ಮೊದಲೇ, ಹಲವು ಕಾರ್ಯಕ್ರಮಗಳು ತೆರೆಮರೆಯಲ್ಲಿ ಕೆಲಸ ಆರಂಭಿಸುತ್ತವೆ. ಮುದ್ರಣಕ್ಕೊಂದು, ಬ್ಲೂಟೂತ್‌ಗೊಂದು, ಗಡಿಯಾರ ಸರಿಪಡಿಸಲು ಇನ್ನೊಂದು. ಇವುಗಳಿಗೆ ‘ಸರ್ವಿಸ್’ ಅಥವಾ ಸೇವೆ ಎಂದು ಹೆಸರು. ಉಬುಂಟುವಿನಂತಹ ಲಿನಕ್ಸ್ ವ್ಯವಸ್ಥೆಯು ಎಲ್ಲ ಬಗೆಯ ಬಳಕೆದಾರರಿಗಾಗಿ ಸಿದ್ಧವಾದುದರಿಂದ, ಪಂಚಾಯಿತಿ ಕಚೇರಿಗೆ ಬೇಡವಾದ ಸೇವೆಗಳೂ ಅದರಲ್ಲಿ ಸೇರಿರುತ್ತವೆ.

ಅವು ಇದ್ದರೆ ನಷ್ಟವೇನು? ವೇಗದ ದೃಷ್ಟಿಯಿಂದ ಹೆಚ್ಚೇನೂ ಇಲ್ಲ. ನಿಜವಾದ ಕಾರಣ ಸುರಕ್ಷತೆ. ಜಾಲದಲ್ಲಿರುವ ಮುದ್ರಣಯಂತ್ರಗಳನ್ನು ತಾನಾಗಿ ಹುಡುಕುವ ‘ಕಪ್ಸ್-ಬ್ರೌಸ್ಡ್’ ಎಂಬ ಸೇವೆಯ ಗಂಭೀರ ದೋಷವು 2024ರ ಸೆಪ್ಟೆಂಬರ್‌ನಲ್ಲಿ ಬಹಿರಂಗವಾಯಿತು. ಅದು 631ನೆಯ ಪೋರ್ಟ್‌ನಲ್ಲಿ ಯಾರಿಂದ ಬಂದ ಸಂದೇಶವನ್ನಾದರೂ ನಂಬುತ್ತಿತ್ತು. ಹೊರಗಿನವರು ಸುಳ್ಳು ಮುದ್ರಣಯಂತ್ರವೊಂದನ್ನು ಸೇರಿಸಿ, ಸಿಬ್ಬಂದಿ ಅದಕ್ಕೆ ಮುದ್ರಣ ಕಳುಹಿಸಿದ ಕ್ಷಣ ತಮ್ಮ ಆಜ್ಞೆಗಳನ್ನು ನಡೆಸಬಹುದಿತ್ತು. ಈ ದೋಷಕ್ಕೆ ಪರಿಹಾರ ಬಂದಿದೆ. ಆದರೆ ಯುಎಸ್‌ಬಿ ತಂತಿಯಿಂದ ಜೋಡಿಸಿದ ಒಂದೇ ಪ್ರಿಂಟರ್ ಇರುವ ಕಚೇರಿಗೆ ಆ ಸೇವೆಯ ಅಗತ್ಯವೇ ಇರಲಿಲ್ಲ. ತೆರಿಗೆ ದಾಖಲೆ, ಫಲಾನುಭವಿಗಳ ವಿವರ ಇರುವ ಯಂತ್ರದಲ್ಲಿ ಬಳಸದ ಬಾಗಿಲನ್ನು ತೆರೆದಿಡುವುದು ಸೂಕ್ತವಲ್ಲ.

ಸೇವೆಯನ್ನು ನಿಲ್ಲಿಸುವ ಆಜ್ಞೆಗಳಲ್ಲಿ ವ್ಯತ್ಯಾಸವಿದೆ, ಗೊಂದಲವಾಗುವುದೂ ಇಲ್ಲಿಯೇ. ‘ಸ್ಟಾಪ್’ ಆಜ್ಞೆ ಆ ಹೊತ್ತಿಗೆ ಮಾತ್ರ. ಮರುದಿನ ಯಂತ್ರ ಆರಂಭಿಸಿದಾಗ ಸೇವೆಯೂ ಮರಳುತ್ತದೆ. ‘ಡಿಸೇಬಲ್’ ಮಾಡಿದರೆ ಯಂತ್ರದೊಂದಿಗೆ ಅದು ಆರಂಭವಾಗದು, ಆದರೆ ಸದ್ಯ ನಡೆಯುತ್ತಿರುವುದು ನಿಲ್ಲುವುದಿಲ್ಲ. ಆದ್ದರಿಂದ ಎರಡನ್ನೂ ಮಾಡಬೇಕು. ಹೀಗೆ ಮಾಡಿದರೂ ಮತ್ತೊಂದು ಸೇವೆಯು ಅದನ್ನು ಎಬ್ಬಿಸಬಹುದು. ಅದನ್ನೂ ತಡೆಯುವ ಆಜ್ಞೆ ‘ಮಾಸ್ಕ್’.

ಪರಿಚಯವಿಲ್ಲದ ಹೆಸರನ್ನೆಲ್ಲ ನಿಲ್ಲಿಸುವುದು ಅಪಾಯಕರ. ಬ್ಲೂಟೂತ್ ಸಾಧನವಿಲ್ಲದಿದ್ದರೆ ಆ ಸೇವೆ ಬೇಡ. ‘ಮೋಡೆಮ್ ಮ್ಯಾನೇಜರ್’ ಬ್ರಾಡ್‌ಬ್ಯಾಂಡ್ ಸಂಪರ್ಕವಿರುವಲ್ಲಿ ಅನಗತ್ಯ. ಸಿಮ್ ಹಾಕಿದ ಡಾಂಗಲ್ ಬಳಸುವಲ್ಲಿ ಅದು ಬೇಕಾಗಬಹುದು. ‘ಪಿಸಿಎಸ್‌ಸಿಡಿ’ ಎಂಬ ಅಪರಿಚಿತ ಹೆಸರಿನ ಸೇವೆಯನ್ನು ನಿಲ್ಲಿಸಿದರೆ ಡಿಜಿಟಲ್ ಸಹಿಯ ಟೋಕನ್ ಗುರುತಿಸಲ್ಪಡದೆ ಹೋಗಬಹುದು. ಗಡಿಯಾರ ಹೊಂದಿಸುವ ಸೇವೆ ನಿಂತು ದಿನಾಂಕ ತಪ್ಪಿದರೆ ಸುರಕ್ಷಿತ ಜಾಲತಾಣಗಳೇ ತೆರೆಯದಿರಬಹುದು. ‘ಅವಾಹಿ’ಯ ವಿಷಯದಲ್ಲಿಯೂ ಎಚ್ಚರ ಬೇಕು: ಕೆಲವು ಹೊಸ ಪ್ರಿಂಟರ್‌ಗಳು ಯುಎಸ್‌ಬಿ ಮೂಲಕ ಜೋಡಿಸಿದ್ದರೂ ಅದನ್ನೇ ಅವಲಂಬಿಸುತ್ತವೆ.

ಸದಸ್ಯರು ಸ್ವತಃ ಆಜ್ಞೆಗಳನ್ನು ನೀಡಬೇಕಾಗಿಲ್ಲ. ಯಾವ ಸೇವೆಗಳು ನಡೆಯುತ್ತಿವೆ, ಪ್ರತಿಯೊಂದೂ ಯಾವ ಕೆಲಸಕ್ಕೆ ಬೇಕು ಎಂಬ ಪಟ್ಟಿಯನ್ನು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರ ಮೂಲಕ ಕೇಳಬಹುದು. ತಂತ್ರಜ್ಞರು ಒಂದು ಬಾರಿಗೆ ಒಂದೇ ಸೇವೆಯನ್ನು ನಿಲ್ಲಿಸಿ, ಯಂತ್ರವನ್ನು ಮರುಪ್ರಾರಂಭಿಸಿ, ಮುದ್ರಣ, ಅಂತರ್ಜಾಲ ಹಾಗೂ ಡಿಜಿಟಲ್ ಸಹಿ ಮೂರನ್ನೂ ಪರೀಕ್ಷಿಸಿದ ನಂತರವೇ ಮುಂದಿನದಕ್ಕೆ ಹೋಗತಕ್ಕದ್ದು. ಸೇವೆಯ ಹೆಸರು, ದಿನಾಂಕ ಮತ್ತು ಬಳಸಿದ ಆಜ್ಞೆಯನ್ನು ವಹಿಯಲ್ಲಿ ದಾಖಲಿಸಿದ್ದರೆ, ತೊಂದರೆ ಕಂಡಾಗ ‘ಎನೇಬಲ್’ ಮತ್ತು ‘ಸ್ಟಾರ್ಟ್’ ಆಜ್ಞೆಗಳಿಂದ ಮೊದಲಿನ ಸ್ಥಿತಿಗೆ ತರಬಹುದು. ‘ಮಾಸ್ಕ್’ ಮಾಡಿದ್ದಲ್ಲಿ ಮೊದಲು ‘ಅನ್‌ಮಾಸ್ಕ್’ ಮಾಡತಕ್ಕದ್ದು.